ಎಡೆಗಿಟ್ಟ ಗೂಬೆ

ಹಿಡಿದ ಕೆಲಸ ನಾನು ಬಿಟ್ಟವಳಲ್ಲ! ನನ್ನ ತವರು ಜಗಳೂರು, ಸೇರಿದ ಮನೆ ನ್ಯಾಮತಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅದೊಂದು ಬಿಟ್ಟರೆ ಬೇರೆ ಏನನ್ನೂ ಬಿಟ್ಟಿಲ್ಲ. ಅಂಥವಳು ಈ ಸಲ ಒಂದು ಶಪಥ ಮಾಡಿದೆ. ನನ್ನ ಗಂಡನ ಗೂಬೆ ಸಿನಿಮಾ ನೋಡುತ್ತೇನೆ. ಮೊದಲಿನಿಂದ ಕೊನೆಯವರೆಗೆ, ಕಣ್ಣು ಮಿಟುಕಿಸದೆ ನೋಡುತ್ತೇನೆ. ಮನೆಗೆ ಬಂದು ಅವರ ಫೋಟೋ ಮುಂದೆ ಕೂತು ಪೂರಾ ಕಥೆ ಹೇಳುತ್ತೇನೆ. ಭೀಷ್ಮ ಕೂಡ ಇಷ್ಟು ಗಟ್ಟಿಯಾಗಿ ಹೇಳಿರಲಿಕ್ಕಿಲ್ಲ.

ನನ್ನ ಗಂಡ ಕೊಟ್ರೇಶ್ ಹೊನ್ನಾಳಿ, ನ್ಯಾಮತಿ, ಸವಳಂಗ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರು ಸೀಟಿ ಊದಿದರೆ ಪಕ್ಕದ ಬಸ್ಸೂ ನಿಲ್ಲುತ್ತಿತ್ತು. ಅಂಥ ಗಂಡಸಿಗೆ ಒಂದು ಹುಚ್ಚು. ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಚಿತ್ರಕಥೆ, ಹೆಸರು ಇರುಳಗೂಬೆ. ಒಬ್ಬ ಗುಮಾಸ್ತ. ಹಗಲು ಫೈಲು ಹೊರುತ್ತಾನೆ. ಕತ್ತಲಾದರೆ ಗೂಬೆ ಮುಖವಾಡ ಹಾಕಿ, ಬೆನ್ನಿಗೆ ಕರಿ ರೆಕ್ಕೆ ಕಟ್ಟಿ, ಹಾರಿ ಹೋಗಿ ಕೆಟ್ಟವರನ್ನು ಬಡಿಯುತ್ತಾನೆ. ಅವನ ಹೆಂಡತಿಗೆ ಇದು ಗೊತ್ತೇ ಇಲ್ಲ. ನಮ್ಮವರು ಮೂವತ್ತು ವರ್ಷ ಆ ಹಾಳೆಗಳನ್ನು ಕತ್ತರಿಸಿ ಟ್ರಂಕಿನಲ್ಲಿಟ್ಟರು.

"ಕಲ್ಲೀ, ಈ ವಾರ ಏನಾತು ಗೊತ್ತಾ?" ಎಂದು ಶುರು ಮಾಡುತ್ತಿದ್ದರು.

"ಒಲೆ ಮೇಲೆ ಹಾಲೈತೆ ಕಣ್ರೀ" ಎಂದು ಎದ್ದು ಹೋಗುತ್ತಿದ್ದೆ.

ಮೂವತ್ತು ವರ್ಷ ನಮ್ಮ ಹಾಲು ಒಲೆ ಮೇಲೆಯೇ ಇತ್ತು.

ಹೋದ ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಕುಣಿದುಕೊಂಡು ಬಂದರು. "ಗೂಬೆ ಸಿನಿಮಾ ಆಗ್ತೈತೆ ಕಣೇ! ಮಕ್ಕಳಾಟ ಅಲ್ಲ. ಗೂಬೆಗೆ ವಯಸ್ಸಾಗೈತೆ, ಮಂಡಿ ನೋವು, ರಕ್ತ, ಕಣ್ಣೀರು. ದೊಡ್ಡೋರಿಗಷ್ಟೇ ಟಿಕೀಟಂತೆ. ಇಬ್ರೂ ಹೋಗಾನ."

"ಮನೇಲಿ ದಿನಾ ಒಂದು ಗೂಬೆ ನೋಡ್ತೀನಿ. ಅದನ್ನ ನೋಡಾಕೆ ಟಿಕೀಟು ಬೇರೆ ತಗಾಬೇಕಾ?" ಅಂದೆ.

ಅವರು ನಕ್ಕರು. ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಹೋಗಿಬಿಟ್ಟರು. ಎದೆನೋವು, ಅಷ್ಟೇ. ಆ ಮಾತು ಮಾತ್ರ ನನ್ನ ಹತ್ತಿರವೇ ಉಳಿಯಿತು. ವಾಪಸು ತೆಗೆದುಕೊಳ್ಳೋಣವೆಂದರೆ ಕೇಳುವವರು ಇರಲಿಲ್ಲ. ಶಪಥ ಹುಟ್ಟಿದ್ದು ಅದರಿಂದ.

ಸಿನಿಮಾ ಹೊನ್ನಾಳಿಗೆ ಬಂದಿದ್ದು ಹಿರಿಯರ ಹಬ್ಬದ ವಾರ. ಅಮಾವಾಸ್ಯೆಯೇ ಕೊನೆಯ ದಿನ, ಮ್ಯಾಟ್ನಿ ಕೊನೆಯ ಆಟ ಎಂದು ಪೋಸ್ಟರಿನಲ್ಲಿತ್ತು. ಅಮಾವಾಸ್ಯೆಗೇ ಅವರಿಗೆ ಮೊದಲನೇ ಎಡೆ. ಎಡೆಗೆ ಹೊಸ ಬಟ್ಟೆ ಇಡಬೇಕು. ಪಂಚೆ, ಅಂಗಿ, ಟವಲು ತರಲು ನಾನು ಅಂಗಡಿಗೆ ಹೋದೆ. ಅಲ್ಲಿ ಒಂದು ಕರಿ ಬಟ್ಟೆ ನೇತಾಡುತ್ತಿತ್ತು. ಫ್ಯಾನಿನ ಗಾಳಿಗೆ ಎದ್ದು ಎದ್ದು ಬೀಳುತ್ತಿತ್ತು, ಥೇಟ್ ರೆಕ್ಕೆ! ಐದು ಮೀಟರು ತಂದೆ.

ನನ್ನ ಹತ್ತಿರ ಹೊಲಿಗೆ ಮಿಷನ್ ಇದೆ. ಮೂರು ದಿನ ತುಳಿದೆ. ಕರಿ ಬಟ್ಟೆ ಹೊಳೆಯಂತೆ ಹರಿಯಿತು. ಆ ಹೊಳೆಯಲ್ಲಿ ಒಂದು ಬಸ್ಸು ಸದ್ದಿಲ್ಲದೆ ತೇಲಿ ಬಂತು. ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ಇವರು ನಿಂತಿದ್ದರು. "ಕಲ್ಲೀ, ಹತ್ತು" ಅಂದರು. ಸೂಜಿ ಬೆರಳಿಗೆ ಚುಚ್ಚಿದಾಗ ನ್ಯಾಮತಿಗೆ ವಾಪಸು ಬಂದೆ. ಹಳದಿ ದಾರದಲ್ಲಿ ಎರಡು ಗೂಬೆ ಕಣ್ಣು ಹಾಕಿದೆ. ತಟ್ಟೆಯಷ್ಟು ದೊಡ್ಡವು! ನಿದ್ದೆ ಮಾಡಿದ್ದು ಕಡಿಮೆ, ಕನಸು ಕಂಡಿದ್ದು ಹೆಚ್ಚು.

ಅಮಾವಾಸ್ಯೆ ಬೆಳಿಗ್ಗೆ ನಲ್ಲೂರಿನಿಂದ ಅವರ ಅಣ್ಣ ಷಣ್ಮುಖಪ್ಪ, ನನ್ನ ವಾರಗಿತ್ತಿ ಶಿವಲೀಲಕ್ಕ ಬಂದರು. ಭಾವನವರಿಗೆ ಅರವತ್ತೆಂಟು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಾಸ್ತ್ರ. ಸಿನಿಮಾ ಅಂದರೆ ಉಗಿಯುತ್ತಾರೆ. ಬಂದವರೇ ಜಗಲಿ ಮೇಲೆ ಕೂತು ಪಾಠ ಶುರು ಮಾಡಿದರು.

"ನೋಡಮ್ಮ, ಎಡೆಗಿಟ್ಟ ಬಟ್ಟೆನ ಅಣ್ಣ ಆದೋನು ಉಡಬೇಕು. ಹೊತ್ತು ಮುಳುಗೋ ತನಕ ಮೈಮೇಲಿಂದ ತೆಗೀಬಾರ್ದು. ಅಲ್ಲೀತನಕ ನಾನು ಷಣ್ಮುಖಪ್ಪ ಅಲ್ಲ, ಕೊಟ್ರೇಶ. ಅವನಿಗೆ ಏನು ಇಷ್ಟನೋ ಅದನ್ನೇ ಮಾಡಬೇಕು. ತಪ್ಪಿದ್ರೆ ಅವನು ಬರೀಮೈಯಲ್ಲಿ ವಾಪಸ್ ಹೋಗ್ತಾನೆ."

"ಆಗ್ಲಿ ಭಾವ" ಅಂದೆ.

ಹೋಳಿಗೆ, ಬದನೆಕಾಯಿ ಪಲ್ಯ, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಅವರ ಸೀಟಿ, ಎಲ್ಲ ಇಟ್ಟೆ. ಕರ್ಪೂರ ಹಚ್ಚಿದರು. ಬಟ್ಟೆ ಕೇಳಿದರು. ಚೀಲಕ್ಕೆ ಕೈ ಹಾಕಿದೆ.

ಚೀಲದಲ್ಲಿ ರೆಕ್ಕೆ ಮಾತ್ರ ಇತ್ತು.

ಪಂಚೆ ತಂದಿರಲಿಲ್ಲ! ಅಂಗಿ ತಂದಿರಲಿಲ್ಲ! ಮೂರು ದಿನ ಹೊಳೆ, ಬಸ್ಸು ಅಂತ ತೇಲಾಡಿದವಳಿಗೆ ನೆನಪೇ ಆಗಿರಲಿಲ್ಲ. ಬೀರುವಿನಲ್ಲಿದ್ದುದೆಲ್ಲ ಉಟ್ಟು ಒಗೆದ ಬಟ್ಟೆ. ಅಂಗಡಿಗೆ ಓಡೋಣವೆಂದರೆ ಅಂಗಡಿಯವರೂ ಅವರವರ ಮನೆಯಲ್ಲಿ ಹಿರಿಯರ ಮುಂದೆ ಕೂತಿದ್ದರು.

ಗಾಬರಿಯಲ್ಲಿ ರೆಕ್ಕೆಯನ್ನೇ ಎಡೆಯ ಮುಂದಿಟ್ಟೆ. ಶಿವಲೀಲಕ್ಕ ಅದನ್ನು ಬಿಡಿಸಿದರು. ಎರಡು ಹಳದಿ ಕಣ್ಣು ಅವರನ್ನು ದಿಟ್ಟಿಸಿದವು. "ಅಯ್ಯಯ್ಯೋ ಗೂಬೆ! ಗೂಬೆ ಹೊಕ್ಕ ಮನೇನ ಮೂರು ತಿಂಗ್ಳು ಬಿಡಬೇಕು ಕಲ್ಲಮ್ಮ!"

"ಮೂರು ತಿಂಗ್ಳು ಎಲ್ಲಿಗೆ ಹೋಗ್ಲಿ ಅಕ್ಕ? ಮೂರು ತಾಸು ಬಿಡಾನ. ಮ್ಯಾಟ್ನಿ ಐತೆ."

ಬಾಯಿ ಜಾರಿ ಬಂದ ಮಾತು. ಬಂದ ಮೇಲೆ ನನಗೇ ಅದು ಸರಿ ಅನ್ನಿಸಿತು. ಭಾವನವರ ಮುಖ ಕುಂಕುಮವಾಗಿತ್ತು.

"ಕರೀ ಬಟ್ಟೆ! ಅದ್ರಾಗೆ ಗೂಬೆ! ಇದನ್ನ ನಾನು ಉಡಬೇಕಾ?"

"ಹೊಸಾ ಬಟ್ಟೆ ಭಾವ. ಎಡೆಗಿಟ್ಟಾಗೈತೆ. ಇಲ್ಲಾಂದ್ರೆ ಅವ್ರು ಬರೀಮೈಯಲ್ಲಿ ಹೋಗ್ತಾರೆ. ನೀವೇ ಹೇಳಿದ್ರಲ್ಲ."

ಭಾವನವರು ಫೋಟೋ ನೋಡಿದರು. ಫೋಟೋದಲ್ಲಿ ತಮ್ಮ ನಗುತ್ತಿದ್ದ. ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ತಿರುಗಿಸಿದರು. ನಾನು ಕಟ್ಟಿದೆ. ಬಿಳಿ ಪಂಚೆ, ಬಿಳಿ ಅಂಗಿ, ಮೂರು ಪಟ್ಟೆ ವಿಭೂತಿ, ಹಿಂದೆ ನೆಲದವರೆಗೆ ಕರಿ ರೆಕ್ಕೆ. ಕೈಲಾಸದಿಂದ ರಜೆ ಹಾಕಿ ಬಂದವರ ಹಾಗೆ ಕಂಡರು!

ಊಟವಾಯಿತು. ನಾನು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಅಂದರು.

"ಸಿನಿಮಾಕ್ಕೆ. ನೀವೂ ಬರಬೇಕು. ಇವತ್ತು ನೀವು ಅವ್ರು. ಅವ್ರಿಗೆ ಇಷ್ಟ ಇದ್ದಿದ್ದು ಇದೊಂದೇ. ಇವತ್ತು ಬಿಟ್ರೆ ಆಟ ಇಲ್ಲ."

"ಕಲ್ಲಮ್ಮಾ!"

"ಶಾಸ್ತ್ರ ಭಾವ."

ಅವರು ಚಪ್ಪಲಿ ಹುಡುಕಿದರು. ಇದ್ದ ಶಾಸ್ತ್ರವೆಲ್ಲ ಬೆಳಿಗ್ಗೆಯೇ ಖರ್ಚಾಗಿತ್ತು.

ಬಸ್ಸಿನಲ್ಲಿ ಜನ ಎದ್ದು ಜಾಗ ಕೊಟ್ಟರು. ಭಕ್ತಿಗೋ ಭಯಕ್ಕೋ ಗೊತ್ತಿಲ್ಲ. ಥೇಟರಿನ ಮುಂದೆ ಪಡ್ಡೆ ಹುಡುಗರ ದೊಡ್ಡ ಗುಂಪು. ಭಾವನವರು ಇಳಿದದ್ದೇ ತಡ, ಸಿಳ್ಳೆ! ಚಪ್ಪಾಳೆ! ಯಾರೋ ಹೂವು ಎರಚಿದರು. ಒಬ್ಬ ಮೊಬೈಲು ಹಿಡಿದು ಪಕ್ಕಕ್ಕೆ ನಿಂತ.

"ಏನ್ ಗೆಟಪ್ಪು ಅಜ್ಜಾ!"

"ಗೆಟಪ್ಪಲ್ಲ ಕಣಯ್ಯಾ, ಎಡೆ!" ಎಂದು ಭಾವನವರು ಗುಡುಗಿದರು.

ಸಿನಿಮಾದ ಡೈಲಾಗು ಎಂದುಕೊಂಡು ಗುಂಪು ಇನ್ನೂ ಜೋರಾಗಿ ಕೂಗಿತು. "ಎಡೆ! ಎಡೆ!"

ಗೇಟು ಕಾಯುವ ಬೈಲಪ್ಪ ತಡೆದ. "ಅಮ್ಮಾ, ಇದು ದೊಡ್ಡೋರ ಸಿನಿಮಾ. ಸಣ್ಣೋರನ್ನ ಬಿಡಾಕಿಲ್ಲ."

"ನಮ್ಮಲ್ಲಿ ಸಣ್ಣೋಳು ನಾನೇ. ಐವತ್ತೆರಡು" ಅಂದೆ.

ಅವನು ಭಾವನವರ ರೆಕ್ಕೆ ನೋಡಿದ. ಸಿನಿಮಾ ಕಂಪನಿಯವರೇ ಕಳಿಸಿದ್ದಾರೆಂದು ತಿಳಿದು ಕೈಮುಗಿದ. ನಡುವಿನ ಸಾಲಿನಲ್ಲಿ ಕೂರಿಸಿದ. ಒಂದು ಕಡೆ ಶಿವಲೀಲಕ್ಕ, ಒಂದು ಕಡೆ ನಾನು, ಮಧ್ಯೆ ಗೂಬೆ.

ದೀಪ ಆರಿತು. ನಾನು ಕಣ್ಣನ್ನು ದೊಡ್ಡದು ಮಾಡಿ ಕೂತೆ. ಪರದೆ ತುಂಬ ಕತ್ತಲು. ಕತ್ತಲಲ್ಲಿ ನಿಧಾನಕ್ಕೆ ಮಳೆ. ಮಳೆಯಲ್ಲಿ ಒಬ್ಬ ಮುದುಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮೇಲೆ ಫ್ಯಾನು ತಿರುಗುತ್ತಿತ್ತು. ಪಕ್ಕದಲ್ಲಿ ಕರಿ ರೆಕ್ಕೆ ಮೆತ್ತಗೆ ಅಲ್ಲಾಡಿತು. ಮುದುಕ ಇನ್ನೂ ಹತ್ತುತ್ತಲೇ ಇದ್ದ...

ಬಸ್ಸು ಹೊಳೆಯ ಮೇಲೆ ಹಾರುತ್ತಿತ್ತು. ಕೆಳಗೆ ತುಂಗಭದ್ರೆ ಬಿಳಿ ಸೀರೆ ಒಣಹಾಕಿದ ಹಾಗಿತ್ತು. ಸೀಟಿನ ತುಂಬ ಬೆಳ್ಳಕ್ಕಿಗಳು ಕೂತಿದ್ದವು. ರೆಕ್ಕೆ ಕಟ್ಟಿಕೊಂಡ ಇವರು ಒಂದೊಂದು ಹಕ್ಕಿಗೂ ಟಿಕೀಟು ಹರಿದು ಕೊಡುತ್ತಿದ್ದರು. ನನ್ನ ಹತ್ತಿರ ಮಾತ್ರ ಬರಲಿಲ್ಲ. ಸೀಟು ಸೀಟು ದಾಟಿ ಮುಂದೆ ಹೋದರು. ನಾನು ಕೂಗಿದೆ.

"ರೀ! ಟಿಕೀಟು ತಗಂಡೀನ್ರೀ! ಎಲ್ಲಿದೀರಿ?"

"ಇಲ್ಲೇ ಅದೀನಿ. ಮಲಕ್ಕೋ" ಅಂದರು.

ಎಷ್ಟು ಹತ್ತಿರದಿಂದ ಅಂದರು! ಬೀಡಿಯ ವಾಸನೆ ಕೂಡ ಬಂತು. ಏಳು ತಿಂಗಳಲ್ಲಿ ಅಂಥ ನಿದ್ದೆ ನಾನು ಮಾಡಿರಲಿಲ್ಲ.

ಕಣ್ಣು ಬಿಟ್ಟಾಗ ದೀಪ ಹತ್ತಿತ್ತು. ಜನ ಎದ್ದು ಹೋಗುತ್ತಿದ್ದರು. ನನ್ನ ಮುಷ್ಟಿಯಲ್ಲಿ ರೆಕ್ಕೆಯ ಅಂಚು. ಭಾವನವರು ಅಲ್ಲಾಡದೆ ಕೂತಿದ್ದರು. ಅವರ ವಿಭೂತಿ ಕಣ್ಣೀರಿಗೆ ಇಳಿದು ಮೂಗಿನ ಮೇಲೆ ಬಂದಿತ್ತು.

"ಇಂಟ್ರವೆಲ್ಲಾ?" ಅಂದೆ.

"ಮುಗೀತು" ಅಂದರು ಶಿವಲೀಲಕ್ಕ.

ಮೊದಲಿನಿಂದ ಕೊನೆಯವರೆಗೆ! ಕಣ್ಣು ಮಿಟುಕಿಸದೆ! ನನ್ನ ಶಪಥ ಮುದುಕನ ಜೊತೆ ಆರು ಮೆಟ್ಟಿಲು ಹತ್ತಿ ಮಲಗಿಬಿಟ್ಟಿತ್ತು.

ವಾಪಸು ಬರುವ ಬಸ್ಸಿನಲ್ಲಿ ನಾನೇ ಸಮಾಧಾನ ಮಾಡಿಕೊಂಡೆ. "ಸಿನಿಮಾ ಹೋದ್ರೆ ಹೋಯ್ತು ಅಕ್ಕ. ಅವ್ರು ಬಂದಿದ್ರು. 'ಇಲ್ಲೇ ಅದೀನಿ, ಮಲಕ್ಕೋ' ಅಂದ್ರು. ಈ ಕಿವಿಯಾಗೆ ಕೇಳೀನಿ."

ಶಿವಲೀಲಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದರು. "ಬಂದಿದ್ರಂತೆ! ಗೂಬೆ ಹೆಂಡ್ತಿ ಅಳೋ ಟೈಮಿಗೆ ಸರಿಯಾಗಿ ನೀನು 'ಎಲ್ಲಿದೀರಿ' ಅಂತ ಕಿರಚ್ಕೊಂಡಿ. ಇಡೀ ಥೇಟ್ರು ತಿರುಗಿ ನೋಡ್ತು. ಇಲ್ಲೇ ಅದೀನಿ ಅಂದಿದ್ದು ನಮ್ಮ ಯಜಮಾನ್ರು! ಎಡೆಗಿಟ್ಟಿದ್ದ ಬೀಡೀನ ಇಂಟ್ರವೆಲ್ಲಿನಾಗೆ ಸೇದಿ ಬಂದಿದ್ರು ಬೇರೆ!"

ನಾನು ಭಾವನವರನ್ನು ನೋಡಿದೆ. ಅವರು ಕಿಟಕಿ ನೋಡಿದರು.

"ಹೊತ್ತು ಮುಳುಗೋ ತನಕ ನಾನು ಅವನೇ ಅಂತ ನೀನೇ ಅಂದ್ಯಲ್ಲಮ್ಮ. ನೀನು ಕೇಳ್ದೆ. ಅವನು ಏನಂತಿದ್ನೋ ಅದನ್ನ ಅಂದೆ."

ನಾನು ಮುಂದೆ ನೋಡಿದೆ. ಡ್ರೈವರನ ಮುಂದಿನ ಗಾಜಿನಲ್ಲಿ ಸೂರ್ಯ ಹೋಳಿಗೆಯ ಹಾಗೆ ಕೆಂಪಗೆ ಕೂತಿದ್ದ. ಇನ್ನೂ ಅರ್ಧ ತಾಸು ಇತ್ತು.

"ಹಂಗಾದ್ರೆ ಕಥೆನೂ ನೀವೇ ಹೇಳ್ರಿ" ಅಂದೆ.

ಭಾವನವರು ಕೆಮ್ಮಿದರು. ರೆಕ್ಕೆ ಸರಿಮಾಡಿಕೊಂಡರು. ಶುರು ಮಾಡಿದರು ನೋಡಿ! ಕೈ ಬೀಸಿದರು, ಹಲ್ಲು ಕಡಿದರು, ಎದ್ದು ನಿಂತು ಗುದ್ದು ತೋರಿಸಿದರು. ಮೂವತ್ತು ವರ್ಷದ ಸಿಟ್ಟು, ಮಂಡಿ ನೋವು, ರಕ್ತ ಎಲ್ಲ ಬಂತು. ಬಸ್ಸಿನವರೆಲ್ಲ ಕಿವಿಯಾದರು. ಸಂಜೆಯ ಬೆಳಕಿನಲ್ಲಿ ಅವರ ಮೂಗು, ಅವರ ಹುಬ್ಬು, ಥೇಟ್ ಇವರೇ. ನಾನು ಗಲ್ಲಕ್ಕೆ ಕೈಕೊಟ್ಟು ಕೇಳಿದೆ. ನಮ್ಮ ಮನೆಯ ಜಗಲಿಯಲ್ಲೇ ಕೂತ ಹಾಗಿತ್ತು.

"...ಕೊನೆಗೆ ಗೂಬೆ ಗಾಯ ಆಗಿ ಮನೆಗೆ ಬರ್ತಾನೆ. ಬಾಗ್ಲು ಬಡೀತಾನೆ. ಹೆಂಡ್ತಿ ಬಾಗ್ಲು ತೆಗೀತಾಳೆ. ಅವಳ ಮುಂದೆ ಮೊದಲನೇ ಸಲ ಮುಖವಾಡ ತೆಗೀತಾನೆ. ಅವಳು ಅವನ್ನ ನೋಡ್ತಾಳೆ. ನೋಡಿ ಏನಂತಾಳೆ ಅಂದ್ರೆ..."

ಭಾವನವರು ಮುಂದಿನ ಗಾಜು ನೋಡಿದರು. ಸೂರ್ಯ ಇರಲಿಲ್ಲ.

ರೆಕ್ಕೆಯ ಗಂಟು ಬಿಚ್ಚಿದರು. ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

"ಏನಂತಾಳೆ ಭಾವ?"

"ಹೊತ್ತು ಮುಳುಗ್ತು. ಈಗ ನಾನು ಷಣ್ಮುಖಪ್ಪ. ನನಗೆ ಈ ದರಿದ್ರ ಸಿನಿಮಾ ಎಲ್ಲ ಆಗಂಗಿಲ್ಲ."

"ಅಕ್ಕಾ, ನೀವಾದ್ರೂ ಹೇಳ್ರಿ!"

"ನಾನು ಸೆರಗಿನಾಗೆ ಮುಖ ಮುಚ್ಕೊಂಡು ಅಳ್ತಿದ್ನಲ್ಲೇ! ಏನೂ ಕೇಳಿಸ್ಲಿಲ್ಲ."

"ರೆಕ್ಕೆನಾದ್ರೂ ಕೊಡ್ರಿ ಭಾವ."

"ಎಡೆ ಬಟ್ಟೆ ಉಟ್ಟೋನಿಗೇ ಸೇರ್ತೈತೆ. ಶಾಸ್ತ್ರ."

ಅವರು ಅದೇ ಬಸ್ಸಿನಲ್ಲಿ ಮುಂದೆ ಹೋದರು. ನಾನು ನ್ಯಾಮತಿಯಲ್ಲಿ ಇಳಿದು ಮನೆಗೆ ಬಂದೆ. ಸಿನಿಮಾದ ಕೊನೆ ಪತ್ರಿಕೆಯಲ್ಲೂ ಇರಲೇಬೇಕು ಎಂದು ಸೀದಾ ಟ್ರಂಕು ತೆಗೆದೆ. ಅಕ್ಷರ ಕೂಡಿಸಿ ಕೂಡಿಸಿಯಾದರೂ ಓದಬಲ್ಲೆ. ಕೊನೆಯ ಹಾಳೆಗಳು ಇರಲಿಲ್ಲ. ಎಲ್ಲಿ ಹೋದವು? ನನಗೆ ಗೊತ್ತಿತ್ತು. ಅವರು ಹುಡುಕುವಾಗ "ಇಲಿ ತಿಂದಿರಬೇಕು" ಅಂದವಳು ನಾನೇ. ಆ ಇಲಿಯೂ ನಾನೇ!

ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳನ್ನು ಒಂದೊಂದೇ ಎತ್ತಿದೆ. ಹಾಸಿದ್ದ ಹಾಳೆಗಳು ಸಿಕ್ಕವು. ಗೂಬೆ ಮನೆಗೆ ಬಂದದ್ದು ಉಪ್ಪಿನ ಡಬ್ಬಿಯ ಕೆಳಗೆ. ಬಾಗಿಲು ಬಡಿದದ್ದು ಖಾರದ ಪುಡಿಯ ಕೆಳಗೆ. ಮುಖವಾಡ ತೆಗೆದದ್ದು ಎಣ್ಣೆ ಡಬ್ಬಿಯ ಕೆಳಗೆ. ಹೆಂಡತಿ ಬಾಯಿ ತೆರೆದಿದ್ದಳು. ಮಾತಿನ ಜಾಗದಲ್ಲಿ ದುಂಡಗೆ, ಕರ್ರಗೆ, ಎರಡು ವರ್ಷದ ಎಣ್ಣೆ ಕಲೆ.

ಸಿನಿಮಾ ಮೊಬೈಲಿನಲ್ಲೂ ಬರುತ್ತದೆ ಎನ್ನುತ್ತಾರೆ. ಬರಲಿ. ನನಗೆ ಇವರ ಬಾಯಲ್ಲೇ ಕೇಳಬೇಕು.

ಫೋಟೋ ಮುಂದೆ ದೀಪ ಹಚ್ಚಿ ಕೂತೆ. ಬಸ್ಸಿನಲ್ಲಿ ಕೇಳಿದಷ್ಟು ಹೇಳಿದೆ. ಬಾಗಿಲವರೆಗೆ ಬಂದು ನಿಂತೆ. ಇವರು ನಗುತ್ತಲೇ ಇದ್ದರು. ಇವರಿಗೆ ಕೊನೆ ಗೊತ್ತಿತ್ತು. ಮೂವತ್ತು ವರ್ಷ ಹೇಳಲು ಬಂದಿದ್ದರು.

"ಅವಳು ಏನಂದ್ಲು? ನೀವೇ ಹೇಳ್ರಿ" ಅಂದೆ. "ಒಲೆ ಮೇಲೆ ಈಗ ಏನೂ ಇಲ್ಲ."

ಹೇಳಲಿಲ್ಲ. ಇನ್ನು ಮುಂದಿನ ಹಿರಿಯರ ಹಬ್ಬದ ತನಕ ಕಾಯಬೇಕು. ಭಾವನವರು ಬಂದೇ ಬರುತ್ತಾರೆ, ಹೊತ್ತು ಮುಳುಗುವವರೆಗೆ ಮತ್ತೆ ಇವರಾಗುತ್ತಾರೆ. ಆ ಸಲವೂ ಪಂಚೆ ತರಲು ಮರೆಯುತ್ತೇನೆ!