ಮಾವನ ಬಾಯಲ್ಲಿ ಒಂದು ‘ನೀನು’

“ಇವತ್ತು ಸಂಜೆಯೊಳಗೆ ನಿಮ್ಮಪ್ಪನ ಬಾಯಲ್ಲಿ ‘ನೀನು’ ಅನ್ನಿಸದಿದ್ದರೆ ನನ್ನ ಹೆಸರು ಎನ್ನೊ ಅಲ್ಲ!”

ರೈಲು ನೆಕ್ಕರ್ ನದಿ ದಾಟುವಾಗ ಎನ್ನೊ ಮಾಡಿದ ಭೀಷ್ಮಪ್ರತಿಜ್ಞೆ ಇದು. ಹೆಂಡತಿ ಡೋರ್ಲೆ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

“ಮೊದಲು ಅಪ್ಪ ಏನು ಹೇಳ್ತಾರೆ ಅಂತ ಅರ್ಥ ಮಾಡ್ಕೋ ಮಾರಾಯ.”

“ಅವರೂ ಜರ್ಮನ್, ನಾನೂ ಜರ್ಮನ್. ಅರ್ಥ ಆಗದೆ ಇರೋದು ಏನಿದೆ ಇದರಲ್ಲಿ?”

“ಅಯ್ಯೋ ಪಾಪ!” ಎಂದಳು ಡೋರ್ಲೆ.

ಎನ್ನೊ ಉತ್ತರದ ಕಡಲ ತೀರದ ಎಮ್ಡೆನ್‌ನವನು. ಬಂದರಿನಲ್ಲಿ ಹಡಗು ಎಳೆಯುವ ದೋಣಿಯ ಮೇಲೆ ಕೆಲಸ, ತೋಳೆಂದರೆ ತೊಲೆ. ಮಾವ ಓಯ್ಗನ್ ದಕ್ಷಿಣದ ಶ್ವಾಬಿಯಾದವರು. ಮದುವೆಯಾಗಿ ಇಷ್ಟು ಕಾಲವಾದರೂ ಅಳಿಯನನ್ನು ಅವರು ‘ನೀವು’ ಎಂದೇ ಕರೆಯುತ್ತಿದ್ದರು. ಆ ಮನೆಯಲ್ಲಿ ‘ನೀವು’ ಅನ್ನಿಸಿಕೊಳ್ಳುವವರು ತೆರಿಗೆ ಅಧಿಕಾರಿ, ಪಾದ್ರಿ ಮತ್ತು ಎನ್ನೊ. ಬೆಕ್ಕಿಗೆ ‘ನೀನು’, ಪಕ್ಕದ ಮನೆಯವನಿಗೆ ‘ನೀನು’, ಪ್ರಾರ್ಥನೆಯಲ್ಲಿ ದೇವರಿಗೂ ‘ನೀನು’! ದೇವರಿಗೆ ಸಿಕ್ಕ ಸಲುಗೆ ತನಗಿಲ್ಲವಲ್ಲ ಎಂದು ಎನ್ನೊನ ಹೊಟ್ಟೆ ಉರಿಯುತ್ತಿತ್ತು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನಿಗೆ ಈ ಮುದುಕನೆಂದರೆ ಪ್ರಾಣ.

“ಮೊಯ್ನ್!” ಎಂದ ಎನ್ನೊ ಮಾವನ ಮನೆಯ ಬಾಗಿಲಲ್ಲಿ, ಕಡಲ ತೀರದ ಖದರಿನಲ್ಲಿ.

ಮಾವ ಗೋಡೆಯ ಗಡಿಯಾರ ನೋಡಿದರು. “ಮಧ್ಯಾಹ್ನ ಕಾಫಿ ಹೊತ್ತಿಗೆ ಶುಭೋದಯ! ನಿಮ್ಮ ಕಡೆ ಸೂರ್ಯ ಈಗ ಏಳ್ತಾನೇನ್ರೀ?”

ಮೊಯ್ನ್ ಎಂಬುದು ತಮ್ಮೂರಲ್ಲಿ ಬೆಳಗಿನಿಂದ ಮಲಗುವವರೆಗೂ ಸಲ್ಲುವ ನಮಸ್ಕಾರ ಎಂದು ಎನ್ನೊ ವಿವರಿಸುವಷ್ಟರಲ್ಲಿ ಮಾವ ನೆಲಮಾಳಿಗೆಯ ಮೆಟ್ಟಿಲಿಳಿದಿದ್ದರು. “ಬನ್ನಿ, ಪೀಪಾಯಿಮರಿಗೆ ನಲ್ಲಿ ಹೊಡೀಬೇಕು.”

ಆ ಸೀಮೆಯವರು ಯಾವ ಪದಕ್ಕಾದರೂ ‘ಲೆ’ ಎಂಬ ಬಾಲ ಅಂಟಿಸಿ ಮರಿ ಮಾಡಿಬಿಡುತ್ತಾರೆ. ಮನೆ ಮನೆಮರಿಯಾಗುತ್ತದೆ, ಜಗಳ ಜಗಳಮರಿಯಾಗುತ್ತದೆ. ಡೊರೊಥೆಯಾ ಎಂಬ ಗಟ್ಟಿ ಹೆಸರು ಡೋರ್ಲೆ ಆದದ್ದೂ ಹಾಗೆಯೇ. ಎನ್ನೊ ಮನಸೋತದ್ದೇ ಆ ಬಾಲಕ್ಕೆ. ಆದರೆ ಈ ಮರಿ ಗಬ್ಬದ ಹಂದಿಯಷ್ಟು ದಪ್ಪಗಿತ್ತು. ಅದರ ತುಂಬ ಮಾವ ಸ್ವಂತ ತೋಟದ ಸೇಬು ಹಿಂಡಿ ಮಾಡಿದ ಮದ್ಯ.

ಮಾವ ಮಂಡಿಯೂರಿ ಬಿರಡೆ ಕಿತ್ತು, ನಲ್ಲಿಯಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರು. ಒಂದು ಹನಿ ಚೆಲ್ಲಲಿಲ್ಲ! ಎಂಥ ಕೈಚಳಕ ಎಂದು ಎನ್ನೊ ಬಾಯಿಬಿಟ್ಟು ನೋಡುತ್ತಿದ್ದಾಗಲೇ ಪೀಪಾಯಿ ಅಲುಗಿತು.

“ಹೇಬ!” ಎಂದರು ಮಾವ.

ಎನ್ನೊನ ಊರಿನಲ್ಲಿ ಹಾಗೆಂದರೆ ಎತ್ತುವುದು. ಮಾವನ ಊರಿನಲ್ಲಿ, ಅಲುಗದಂತೆ ಹಿಡಿದುಕೊಳ್ಳುವುದು. ಎನ್ನೊ ಪೀಪಾಯಿಯ ಹಿಂಭಾಗವನ್ನು ಎತ್ತಿಯೇ ಎತ್ತಿದ! ಅರ್ಧ ಕೂತಿದ್ದ ನಲ್ಲಿ ಹಾರಿ, ಮದ್ಯ ಮಾವನ ಮುಖಕ್ಕೆ ಚಿಮ್ಮಿತು.

“ಹೇಬ! ಹೇಬ ಅಂದ್ರೆ!”

“ಇದೋ ಮಾವ, ಇನ್ನೂ ಎತ್ತಿದೆ!”

ನೆಲಮಾಳಿಗೆಯಲ್ಲಿ ಸೇಬಿನ ಜಲಪಾತ! ಏಳಲು ಹೋದ ಮಾವ ಜಾರಿ ದೊಪ್ಪೆಂದು ಬಿದ್ದರು. “ಅಯ್ಯಯ್ಯೋ, ನನ್ನ ಪಾದ!”

ಎನ್ನೊ ಅವರನ್ನು ಎತ್ತಿ ತಂದು ಸೋಫಾದ ಮೇಲೆ ಮಲಗಿಸಿ, ಬೂಟು ಕಿತ್ತು ಅಂಗಾಲು ತಿಕ್ಕತೊಡಗಿದ.

“ಅಲ್ಲಲ್ರೀ, ಪಾದ! ಪಾದ!” ಎಂದು ಮಾವ ತೊಡೆ ಬಡಿದುಕೊಂಡರು.

“ಇಲ್ಲಿ ಸೊಂಟದಿಂದ ಕೆಳಗೆ ಎಲ್ಲಾ ಪಾದಾನೇ,” ಎಂದಳು ಡೋರ್ಲೆ.

ಇಡೀ ಕಾಲಿಗೆ ಒಂದೇ ಪದ! ಉಳಿತಾಯವೆಂದರೆ ಇದಪ್ಪಾ, ಎಂದು ಎನ್ನೊ ಆ ಗಡಿಬಿಡಿಯಲ್ಲೂ ಬೆರಗಾದ. ಅಷ್ಟರಲ್ಲಿ ಅತ್ತೆ ಲೋರೆ ಅಡುಗೆಮನೆಯಿಂದ ಓಡಿಬಂದರು.

“ನೆನೆದು ನಡುಗ್ತಿದಾರಲ್ರೀ! ಅಳಿಯಂದ್ರೇ, ತೆಪ್ಪಿಷ್ ತಂದು ಹೊದಿಸಿ, ಬೇಗ!”

ತೆಪ್ಪಿಷ್ ಎಂದರೆ ಎನ್ನೊಗೆ ಗೊತ್ತಿದ್ದದ್ದು ಒಂದೇ: ನೆಲಕ್ಕೆ ಹಾಸುವ ಜಮಖಾನ. ಅದನ್ನು ಹೊದಿಸುವುದೇ? ಇರಲಿ, ಊರಿಗೊಂದು ಪದ್ಧತಿ! ಮೇಜಿನ ಕೆಳಗಿದ್ದ ಜಮಖಾನವನ್ನು ಬಂದರಿನಲ್ಲಿ ಹಗ್ಗ ಎಳೆದ ಹಾಗೆ ಜಗ್ಗಿದ. ಮೇಜು ಮಗುಚಿತು. ಕಾಫಿ, ಪ್ಲಮ್ ಕೇಕು, ಬಟ್ಟಲು ತುಂಬ ಕೆನೆ, ಎಲ್ಲ ಧರಾಶಾಯಿ! ಆದರೂ ಎದೆಗುಂದದೆ, ಕೇಕು ಅಂಟಿದ್ದ ಜಮಖಾನವನ್ನು ಮಾವನಿಗೆ ಕಿವಿಯವರೆಗೆ ಹೊದಿಸಿದ.

“ಕಂಬಳೀ ಕಣ್ರೀ!” ಲೋರೆ ಚೀರಿದರು. “ತೆಪ್ಪಿಷ್ ಅಂದ್ರೆ ಕಂಬಳಿ!”

ಜಮಖಾನದಡಿಯಿಂದ ಮಾವನ ತಲೆ ಮೆಲ್ಲಗೆ ಹೊರಬಂತು. ಹುಬ್ಬಿನ ಮೇಲೆ ಕೆನೆ. ಎನ್ನೊನ ಕಣ್ಣು ತುಂಬಿ ಬಂತು. ‘ನೀನು’ ಇರಲಿ, ಇನ್ನು ‘ನೀವು’ ಎಂದೂ ಯಾರೂ ಕರೆಯಲಾರರು ಅನ್ನಿಸಿತು.

“ಲೇ!” ಮಾವ ಗುಡುಗಿದರು. “ಲೇ ಅರೆನಾಯಿ! ನಿನಗೆ ತಲೆ ಅನ್ನೋದು ಇದೆಯೇನೋ? ನೀನು ಮನುಷ್ಯನೋ, ಬಿರುಗಾಳಿಯೋ?”

ಎನ್ನೊ ಕುಣಿದೇಬಿಟ್ಟ. “ಡೋರ್ಲೆ, ಕೇಳಿದೆಯಾ? ‘ನೀನು’ ಅಂದ್ರು! ‘ನಿನಗೆ’ ಅಂತಾನೂ ಅಂದ್ರು! ಅರೆನಾಯಿ ಅಂದ್ರೆ ಮುದ್ದಿನ ಮಾತು ತಾನೆ?”

“ಇಲ್ಲಿ ನಾಯಿ ಅಂದ್ರೆ ಪೆದ್ದ,” ಎಂದಳು ಡೋರ್ಲೆ. “ಅರೆನಾಯಿ ಅಂದ್ರೆ ಪೂರ್ತಿ ಪೆದ್ದ ಆಗೋಕೂ ಯೋಗ್ಯತೆ ಇಲ್ಲದೋನು.”

ಕುಣಿತ ಅಲ್ಲಿಗೇ ನಿಂತಿತು. ಮಾವ ಹುಬ್ಬಿನ ಕೆನೆಯನ್ನು ಬೆರಳಿಂದ ತೆಗೆದು, ದಂಡವಾಗಬಾರದೆಂದು ನೆಕ್ಕಿದರು. ಜಮಖಾನದಡಿ ಅವರ ಹೊಟ್ಟೆ ಕುಲುಕುತ್ತಿತ್ತು.

“ಹಾಗಾದ್ರೆ ನಾನು ಪೂರ್ತಿ ನಾಯಿ ಆಗೋದು ಯಾವಾಗ, ಮಾವ?” ಎನ್ನೊ ಮೆತ್ತಗೆ ಕೇಳಿದ.

“ರಜ ಸಿಕ್ಕಾಗೆಲ್ಲ ಬಾ,” ಎಂದರು ಮಾವ. “ಬೊಗಳೋದು ಕಲಿಸ್ತೀನಿ.”