ಅನುಮತಿಯಿಲ್ಲದ ಬಂಗುಡೆ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಆಮೇಲೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಲಂಕೆಯ ಮೂಡಣ ಕರಾವಳಿಯ ನಮ್ಮ ಚಂಬುಮುನೈಯಲ್ಲಿ ಸಮುದ್ರದ ಕೆಲಸದ ವೇಳೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು.

ಯುದ್ಧದ ಕಾಲದಲ್ಲಿ ನಮ್ಮ ತೀರಕ್ಕೆ ತಂತಿಬೇಲಿ ಬಿದ್ದಿತ್ತು. ಯುದ್ಧ ಮುಗಿಯಿತು, ನೆಲಬಾಂಬು ಕಿತ್ತರು. ಇನ್ನೇನು ಬೇಲಿಯನ್ನೂ ಕೀಳಬೇಕು, ಅಷ್ಟರಲ್ಲಿ ಪ್ರವಾಸೋದ್ಯಮದವರು ಬಂದು ಅದಕ್ಕೆ ನೀಲಿ ಬಣ್ಣ ಬಳಿದು ಟಿಕೆಟ್ ಕಿಟಕಿ ಇಟ್ಟರು. ನಮ್ಮ ತಾತ ಸಂತಿಯಾಪಿಳ್ಳೈ ರಂಪಣಿ ಬಲೆ ಬೀಸಿ ದಡದಿಂದ ಹಗ್ಗ ಹಿಡಿದು ಎಳೆಯುತ್ತಿದ್ದ ಜಾಗ ಬೇಲಿಯ ಒಳಗೇ ಉಳಿಯಿತು. ತಾತನಿಗೆ ಎಂಬತ್ತೊಂದು. ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಮುಂಜಾವ ಅಲ್ಲಿ ಬಲೆ ಎಳೆಯಬೇಕೆಂದು ಅವನ ಹಠ. ಕೊಡಿಸುತ್ತೇನೆ ಅಂತ ಎದೆ ತಟ್ಟಿದವನು ನಾನು, ಮರಿಯಸೀಲನ್. ತಾಳೆಮರದ ತುದಿಯಲ್ಲಿ ಕೂತು, ನೀರಿನ ಬಣ್ಣ ನೋಡಿ, ಬರುತ್ತಿರುವುದು ಬಂಗುಡೆಯೋ ಬೂತಾಯಿಯೋ ಅಂತ ಹೇಳುವ ಗಂಡು ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ.

ತೀರಾಧಿಕಾರಿ ಕಲನ್ಸೂರಿಯ ನನ್ನ ಅರ್ಜಿ ಓದಿದರು.

"ಮುಂಜಾವ ಯಾಕೆ ತಂಬಿ?"

"ಮೀನು ಬರೋದು ಆಗಲೇ ಸಾರ್."

"ಆಗ ಪ್ರವಾಸಿಗಳು ಮಲಗಿರ್ತಾರಲ್ಲ. ಮೀನಿಗೆ ಹೇಳಿ ನೋಡಿ."

"ಅದು ನಮ್ಮ ಮಾತು ಕೇಳಲ್ಲ ಸಾರ್."

"ಹಾಗಿದ್ರೆ ಮೀನಿನ ವಿಷಯ ನಮಗೆ ಬಿಡಿ. ನೀವು ಬಲೆ ತನ್ನಿ, ಸಾಕು."

ವಾರದಲ್ಲಿ ಆದೇಶ ಬಂತು. 'ಸಾಂಪ್ರದಾಯಿಕ ಮೀನುಗಾರಿಕೆ ಪ್ರದರ್ಶನಕ್ಕೆ ಬೇಕಾದ ಬಂಗುಡೆಗಳನ್ನು ಪಟ್ಟಣದ ಮಂಜುಗಡ್ಡೆ ಪೆಟ್ಟಿಗೆಗಳಿಂದ ತರಿಸಿ, ತೊಳೆದು, ವಾಸನೆ ಪರೀಕ್ಷಿಸಿ, ಒಂಬತ್ತು ಗಂಟೆಗೆ ಬಲೆಯೊಳಗೆ ಇಡತಕ್ಕದ್ದು. ಒಂದೇ ಮೀನನ್ನು ಗರಿಷ್ಠ ಮೂರು ದಿನ ಹಿಡಿಯಬಹುದು. ಮೂವತ್ತು ದಿನ ಲೋಪವಿಲ್ಲದೆ ನಡೆದಲ್ಲಿ ಅರ್ಜಿದಾರರಿಗೆ ಒಂದು ಮುಂಜಾವ ನೀಡಲಾಗುವುದು.'

ಪ್ರದರ್ಶನ ಅದ್ಭುತವಾಗಿ ನಡೆಯಿತು, ನಡೆಸುತ್ತಿದ್ದವನು ನಾನಲ್ಲವೇ. ಬಿಳಿಯರು ಹಗ್ಗ ಹಿಡಿದು ಎಳೆದರು, ಸತ್ತ ಮೀನು ಬಂದಾಗ ಚಪ್ಪಾಳೆ ಹೊಡೆದರು. ಮೂರನೇ ದಿನದ ಮೀನುಗಳಿಗೆ ಕಣ್ಣು ಉಳಿಯುತ್ತಿರಲಿಲ್ಲ. ಅಂಥವನ್ನು ಕವುಚಿ ಮಲಗಿಸತಕ್ಕದ್ದು ಎಂಬ ತಿದ್ದುಪಡಿ ಬಂತು.

"ಇದಕ್ಕೆ ನಾವು ಮಣ್ಣು ಮಾಡೋ ಮುಂಚೆ ಪ್ರಾರ್ಥನೆ ಹೇಳ್ಬೇಕು ಕಣೋ," ಅಂದ ತಾತ.

"ಸುಮ್ನಿರು ತಾತ. ಇನ್ನು ಎರಡೇ ದಿನ."

ಇಪ್ಪತ್ತೊಂಬತ್ತನೇ ದಿನ ಕೊಲಂಬೊದಿಂದ ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕರು ಬಂದು, ಫೋಟೋಗೆಂದು ಹಗ್ಗ ಹಿಡಿದು ನಿಂತರು. ನಾನು ತಾಳೆಯ ಮೇಲಿದ್ದೆ. ಆಗ ಕಂಡಿತು: ತೆಂಕಣದಿಂದ ಮೋಡದ ನೆರಳಿನ ಹಾಗೆ ಒಂದು ಕಪ್ಪು, ಅಂಚಿನಲ್ಲಿ ಬೆಳ್ಳಿ. ಬಂಗುಡೆ, ಜೀವಂತ, ಹೊತ್ತು ತಪ್ಪಿ ಬಂದ ಹಿಂಡು. ಬಾಯಿ ಮುಚ್ಚಿಕೊಂಡಿದ್ದರೆ ತಾತನ ಮುಂಜಾವ ಕೈಗೆ ಬಂದಂತೆಯೇ. ಆದರೆ ಕಂಡದ್ದನ್ನು ಕಂಡಿಲ್ಲ ಅನ್ನಲು ನಾನೇನು ಪಟ್ಟಣದವನೇ? ಅಂಗಿ ಬಿಚ್ಚಿ ಬೀಸಿದೆ. ಬಲೆ ಕಾಯುತ್ತಿದ್ದ ದೋಣಿಯವರು ಅದನ್ನು ಹಿಂಡಿನತ್ತ ಅಗಲಕ್ಕೆ ತಿರುಗಿಸಿದರು.

ಬಲೆ ದಡಕ್ಕೆ ಬಂದಾಗ ಮರಳೇ ಕುಣಿಯುತ್ತಿತ್ತು. ಮೀನು ಅಲ್ಲಾಡುವುದನ್ನು ಕಂಡು ಪ್ರವಾಸಿಗಳು ಟಿಕೆಟ್ ಹಣ ವಾಪಸು ಕೇಳಿದರು. ನಿರ್ದೇಶಕರನ್ನು ಹಗ್ಗ ಮೊಣಕಾಲುದ್ದ ನೀರಿಗೆ ಎಳೆದೊಯ್ದಿತ್ತು.

ಮರುದಿನ ವಿಚಾರಣೆ.

"ಬಲೆಯಲ್ಲಿ ನಿಜವಾದ ಮೀನು ಕಂಡುಬಂದಿದೆ," ಅಂದರು ನಿರ್ದೇಶಕರು. "ಯಾರ ಅನುಮತಿಯಿಂದ ಬಂದವು? ಈಗ ಎಲ್ಲಿವೆ?"

ತಾತ ಎದ್ದು ನಿಂತ. "ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಅಯ್ಯಾ. ನಮ್ಮಜ್ಜನ ಕಾಲದ ಕಟ್ಟಳೆ. ನೀವೂ ಮುಟ್ಟಿದ್ರಿ. ನಿಮ್ಮ ಪಾಲು ಅತಿಥಿಗೃಹಕ್ಕೆ ಕಳಿಸಿದ್ದೀನಿ."

ನಿರ್ದೇಶಕರು ಕಲನ್ಸೂರಿಯರತ್ತ ತಿರುಗಿದರು.

"ರಾತ್ರಿ ತಾವು ಎರಡು ಸಲ ಹಾಕಿಸಿಕೊಂಡ ಮೀನಿನ ಹುಳಿ ಅದೇ ಸಾರ್," ಅಂದರು ಕಲನ್ಸೂರಿಯ.

ನಿರ್ದೇಶಕರು ಕಡತ ತೆರೆಸಿದರು. ಆಮೇಲೆ ಬರೆಸಿದರು: 'ತಪ್ಪು ಮೀನುಗಳದ್ದು. ಅವು ಈಗ ವಿಚಾರಣೆಗೆ ಲಭ್ಯವಿಲ್ಲ. ಆದರೂ ಲೋಪ ಲೋಪವೇ ಆದ್ದರಿಂದ ಮುಂಜಾವ ರದ್ದು. ಇನ್ನು ಮುಂದೆ ನಿಜವಾದ ಮೀನು ಪ್ರದರ್ಶನಕ್ಕೆ ಅಡ್ಡಿಪಡಿಸದಂತೆ ತಡೆಯಲು, ಅದನ್ನು ದೂರದಿಂದಲೇ ಗುರುತಿಸಬಲ್ಲ ಒಬ್ಬರನ್ನು ನೇಮಿಸತಕ್ಕದ್ದು.'

ಅಂಥವನು ಕರಾವಳಿಯಲ್ಲಿ ಒಬ್ಬನೇ ಎಂದು ಊರಿಗೆ ಊರೇ ಸಾಕ್ಷಿ ಹೇಳಿತು. ಹೇಳಿಕೊಟ್ಟವನು ನಾನೇ.

ಈಗ ತಾತನಿಗೆ ತೀರದಲ್ಲಿ ಪ್ಲಾಸ್ಟಿಕ್ ಕುರ್ಚಿ ಇದೆ, ಎದುರಿಗೆ 'ಹಿರಿಯ ಮೀನುಗಾರ, ಮುಟ್ಟಬೇಡಿ' ಎಂಬ ಫಲಕ. ನಾನು ಒಂಬತ್ತಕ್ಕೆ ತಾಳೆ ಹತ್ತುತ್ತೇನೆ. ಹಿಂಡು ಕಂಡರೆ ಸೂಚನೆ ಕೊಡುತ್ತೇನೆ, ಬಲೆ ಮೇಲೆತ್ತುತ್ತಾರೆ, ಬಂಗುಡೆ ದಾಟಿಹೋಗುತ್ತದೆ. ಇದುವರೆಗೆ ಒಂದೂ ಒಳಗೆ ಬಿದ್ದಿಲ್ಲ.

"ಏನು ಬಂತೋ?" ಅಂತ ತಾತ ಕೆಳಗಿನಿಂದ ಕೇಳುತ್ತಾನೆ.

"ಬಂಗುಡೆ, ತಾತ."

"ದೊಡ್ಡ ಹಿಂಡಾ?"

"ದೊಡ್ಡದು."

"ಸರ್ಕಾರಿ ಕೆಲಸ. ಸರಿಯಾಗಿ ಓಡಿಸು," ಅನ್ನುತ್ತಾನೆ.

ಅದಕ್ಕಾಗಿ ನನಗೆ ಕಚೇರಿಯಿಂದ ಕೊಟ್ಟಿರುವುದು ಒಂದು ಸೀಟಿ, ಹಸಿರು ದಾರ ಸಮೇತ.