ಕೆಂಪು ಬರುವ ತನಕ ತಿಕ್ಕಿದ ಬೇರಿಂಗು

ನನ್ನ ಅಕ್ಕನನ್ನು ನೋಡಿ ಒಪ್ಪಿಕೊಳ್ಳಲು ನನ್ನ ಭಾವನಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಕಾರಿನ ಇಂಜಿನ್ನಿಗೆ ಮೇನ್ ಬೇರಿಂಗ್ ಒಪ್ಪಿಕೊಳ್ಳಲು ಎರಡು ಮಳೆಗಾಲ ಹಿಡಿಯಿತು! ಇದು ನನ್ನ ಮಾತಲ್ಲ, ಅಕ್ಕನೇ ನೆಂಟರಿಷ್ಟರ ಮುಂದೆ ಹೇಳಿಕೊಂಡು ತಿರುಗುತ್ತಾಳೆ. "ನನ್ ಜಾತಕ ಇವ್ರ್ ಸಮಾ ಕಾಣ್ಲೇ ಇಲ್ಲೆ. ಆ ಕಬ್ಬಿಣದ್ ಜಾತಕ ಮಾತ್ರ ತಿರ್ಗ್ಸಿ ತಿರ್ಗ್ಸಿ ಕಂಡ್ರ್." ಪಕ್ಕದಲ್ಲೇ ಕೂತ ಭಾವ ಇದನ್ನು ಅಲ್ಲಗಳೆಯುವುದೂ ಇಲ್ಲ. "ನಿನ್ನ ಬದ್ಲ್ ಮಾಡೂಕಾತಿಲ್ಲೆ ಅಂದೇಳಿ ಗೊತ್ತಿತ್ತ್. ಹಾಂಗಾಯಿ ಜಾಸ್ತಿ ಕಾಂಬುಕೆ ಹೋಯ್ಲಿಲ್ಲೆ" ಎನ್ನುತ್ತಾರೆ. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಅಕ್ಕ ಇವತ್ತಿಗೂ ಯೋಚಿಸುತ್ತಿದ್ದಾಳೆ.

ಮೇನ್ ಬೇರಿಂಗ್ ಎಂದರೆ ಏನೋ ದೊಡ್ಡ ಯಂತ್ರ ಎಂದುಕೊಳ್ಳಬೇಡಿ. ಬಳೆಯನ್ನು ನಡುವೆ ಕತ್ತರಿಸಿದರೆ ಹೇಗಿರುತ್ತದೋ ಹಾಗಿರುವ ಬೂದು ಬಣ್ಣದ ತಗಡು, ಅಷ್ಟೇ. ಇಂಜಿನ್ನಿನ ಹೊಟ್ಟೆಯೊಳಗೆ ಕ್ರ್ಯಾಂಕ್ ಎಂಬ ಭಾರದ ದಂಡ ಗಿರಗಿರ ತಿರುಗುತ್ತದಲ್ಲ, ಅದು ಕೂರುವುದು ಇಂಥ ತಗಡುಗಳ ಜೋಡಿಗಳ ನಡುವೆ. ದಂಡಕ್ಕೂ ತಗಡಿಗೂ ಮಧ್ಯೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ಇರುತ್ತದೆ. ಜಾಗ ಬಿಗಿಯಾದರೆ ಇಂಜಿನ್ ಸುಟ್ಟು ಕೂತುಬಿಡುತ್ತದೆ, ಸಡಿಲವಾದರೆ ಎಣ್ಣೆ ನಿಲ್ಲದೆ ಟಕಟಕ ಬಡಿಯುತ್ತದೆ. ತಗಡಿನ ಮೇಲೆ ಬಳಿದ ಆ ಬೂದು ಬಣ್ಣದ ಮೆತ್ತನೆಯ ಲೋಹವೇ ಅದರ ಜೀವ. ಕಸವನ್ನೆಲ್ಲ ತಾನು ನುಂಗಿ, ತಾನು ಸವೆದು, ಕ್ರ್ಯಾಂಕನ್ನು ಕಾಪಾಡುವುದು ಅದು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಊಟಕ್ಕೆ ಕೂತಾಗಲೆಲ್ಲ ಕಲಿತದ್ದು! ಕೊಂಕಣ ರೈಲು ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ ಅದು. ನಾನು ಕುಂದಾಪುರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿಜೂರಿನ ನಮ್ಮ ಮನೆಯಿಂದ ದಿನಾ ಬಂದುಹೋಗುವುದು ಕಷ್ಟವೆಂದು ಮರವಂತೆಯಲ್ಲಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಸಾರು ಬಡಿಸುವ ಮೊದಲು ಭಾವ ಬೇರಿಂಗಿನ ಮಾತು ತೆಗೆದರೆ, ಮಜ್ಜಿಗೆ ಬರುವಾಗಲೂ ಅದೇ ನಡೆದಿರುತ್ತಿತ್ತು.

ಭಾವ ಬಂದರಿನಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುವವರು. ಅವರ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಮ್ಮೆ ಹೆದ್ದಾರಿ ಬದಿಯ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಎಲೆಗೆ ಪಾಯಸ ಬಿದ್ದಿತ್ತಷ್ಟೆ, ಹೊರಗೆ ಒಂದು ಬಸ್ಸು ಹೋಯಿತು. ಭಾವ ದಡಕ್ಕನೆ ಎದ್ದರು, ಎಂಜಲು ಕೈಯಲ್ಲೇ ಓಡಿದರು, ಮುಂದಿನ ಸ್ಟಾಪಿನಲ್ಲಿ ಬಸ್ಸನ್ನು ಹಿಡಿದೇಬಿಟ್ಟರು!

"ಹ್ವಾಯ್, ಎಂತ? ಸೀಟ್ ಬೇಕಾ?" ಎಂದ ಡ್ರೈವರ್.

"ಸೀಟ್ ಬ್ಯಾಡ ಮಾರಾಯ್ರೆ. ನಿಮ್ಮ್ ಗಾಡಿ ಮೇನ್ ಬೇರಿಂಗ್ ಹೋತಾ ಇತ್ತ್. ಬೇಗ ಬಿಚ್ಚ್ಸಿ ಕಾಣಿ."

ಡ್ರೈವರ್ ಬೈದ, ಕಂಡಕ್ಟರ್ ನಕ್ಕ, ಬಸ್ಸು ಹೋಯಿತು. ವಾರ ಕಳೆಯುವುದರೊಳಗೆ ಅದೇ ಬಸ್ಸು ಅಕ್ಕನ ಮನೆಯ ಎದುರಿಗೇ ಕೆಟ್ಟು ನಿಂತು, ಪ್ರಯಾಣಿಕರೆಲ್ಲ ಸಮುದ್ರ ನೋಡುತ್ತ ಕೂತರು. ಭಾವನಿಗೆ ಹೊಗಳಿಕೆ ಸಿಕ್ಕಿತೇ? ಇಲ್ಲ! "ಆ ಮನ್ಷ್ಯನ್ ಬಾಯಿ ಸಮ ಇಲ್ಲೆ" ಎಂದು ಊರೆಲ್ಲ ಮಾತಾಯಿತು. ಆಮೇಲೆ ಭಾವನನ್ನು ಕಂಡರೆ ಬಸ್ಸಿನವರು ವೇಗ ಹೆಚ್ಚಿಸಿಕೊಂಡು ಹೋಗುತ್ತಿದ್ದರು.

ಇಂಥ ಕಿವಿಯ ಮನುಷ್ಯ ಒಂದು ಹಳೆಯ ಕಾರು ತಂದರು, ಅದನ್ನು ರೇಸಿಗೆ ಓಡಿಸಬೇಕೆಂದು. ತಂದದ್ದು ಹೇಗೆ? ತಂದೆಯ ಕಾಲದಿಂದ ಬಂದಿದ್ದ ದೋಣಿಯ ಪಾಲನ್ನು ಮಾರಿ! ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತ ಮಕ್ಕಳನ್ನು ಸಾಕಿದವರು. ದೋಣಿ ಹೋಗಿ ಕಾರು ಬಂದ ದಿನವೇ ಅಂಗಳದಲ್ಲಿ ನಿಂತು ಹೇಳಿಬಿಟ್ಟರು. "ಈ ಗಾಡಿಗೆ ನಾನ್ ಕೈ ಮುಟ್ಟುದಿಲ್ಲೆ, ಕೂಕಂಬ್ದೂ ಇಲ್ಲೆ." ಅತ್ತೆಯ ಮಾತು ಅಂದರೆ ಮಾತು. ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸಿಗೇ ಹೋಗುತ್ತಿದ್ದರು. ಭಾವನೂ ಸುಮ್ಮನಿರುವವರಲ್ಲ. ಖಾಲಿ ಕಾರು ತೆಗೆದುಕೊಂಡು ಅದೇ ಬಸ್ಸಿನ ಹಿಂದೆ ಕುಂದಾಪುರದವರೆಗೆ ಹೋಗುತ್ತಿದ್ದರು! ಅತ್ತೆ ಕಿಟಕಿಯಿಂದ ಒಮ್ಮೆ ಹಿಂದೆ ತಿರುಗಿ ನೋಡಿ, ಮುಖ ಸೊಟ್ಟ ಮಾಡಿ, ಮತ್ತೆ ಮುಂದೆ ತಿರುಗುತ್ತಿದ್ದರು. ಅದನ್ನು ನೋಡುವ ಕಂಡಕ್ಟರನಿಗೆ ದಿನಾ ಬಿಟ್ಟಿ ಮನರಂಜನೆ.

ಹೀಗಾಗಿ ಭಾವನಿಗೆ ಬದುಕಿನಲ್ಲಿ ಎರಡೇ ಆಸೆಗಳಿದ್ದವು. ಒಂದು, ಆ ಕಾರಿನಲ್ಲಿ ರೇಸು ಗೆಲ್ಲುವುದು. ಇನ್ನೊಂದು, ಅಮ್ಮ ಆ ಕಾರಿನಲ್ಲಿ ಕೂರುವುದು. ಮೊದಲನೆಯದೇ ಸುಲಭ ಎಂದು ಎಲ್ಲರೂ ಹೇಳುತ್ತಿದ್ದರು.

ಬಲೆ ಇಡುತ್ತಿದ್ದ ಹಿಂದಿನ ಕೊಟ್ಟಿಗೆಯಲ್ಲಿ ಇಂಜಿನ್ ಬಿಚ್ಚಿ ಹರಡಿದರು ನೋಡಿ, ಅಲ್ಲಿಂದ ಶುರುವಾಯಿತು ಆಯ್ಕೆಯ ಕಥೆ. ಕ್ರ್ಯಾಂಕಿನ ಮೇಲೆ ಅಂಕೆ ಹೊಡೆದಿರುತ್ತಾರಂತೆ, ಅದು ಕೂರುವ ಬ್ಲಾಕಿನ ಮೇಲೆ ಅಕ್ಷರ. ಎರಡನ್ನೂ ಪಟ್ಟಿಯಲ್ಲಿ ಕೂಡಿಸಿ ನೋಡಿದರೆ ಎಷ್ಟು ದಪ್ಪದ್ದು ಬೇಕು, ಅಂದರೆ ಹಸಿರು ಗುರುತಿನ ಬೇರಿಂಗೋ, ಹಳದಿಯೋ, ನೀಲಿಯೋ ಗೊತ್ತಾಗುತ್ತದೆ. ಇದೇ ಅಕ್ಕ ಹೇಳುವ ಕಬ್ಬಿಣದ ಜಾತಕ. ಜಾತಕ ಕೂಡಿದರೆ ಮುಗಿಯಿತೇ? ಮೆತ್ತನೆಯದು ಬೇಕೋ, ಗಟ್ಟಿಯದೋ? ಗಟ್ಟಿಯದು ರೇಸಿನ ಹೊಡೆತ ತಡೆಯುತ್ತದೆ, ಆದರೆ ಒಂದು ಮರಳ ಕಣ ಸಿಕ್ಕಿದರೆ ಕ್ರ್ಯಾಂಕನ್ನೇ ಗೀರುತ್ತದೆ. ಮೆತ್ತನೆಯದು ಎಲ್ಲ ಸಹಿಸುತ್ತದೆ, ಆದರೆ ಬೇಗ ಸವೆಯುತ್ತದೆ. ಭಾವ ಈ ಪ್ರಶ್ನೆಯನ್ನು ಯಾರಿಗೆ ಕೇಳಲಿಲ್ಲ ಹೇಳಿ! ಬ್ರಹ್ಮಾವರದಲ್ಲಿ ಕಬ್ಬಿಣ ಕಡೆಯುವ ಲೇತಿನವರಿಗೆ ಕೇಳಿದರು, ಸರಿ. ಪೂಜೆಗೆ ಬಂದ ಭಟ್ಟರಿಗೆ ಕೇಳಿದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಕೇಳಿದರು! ಹುಡುಗ ಪಾಪ, ಬಾಯಿಗೆ ಬಂದಂತೆ "ಗಟ್ಟಿಯದು" ಎಂದ. ಭಾವ ನನ್ನನ್ನು ಕರೆಯುವುದೇ "ಹೆಣೆ" ಎಂದು, ಹುಡುಗಿ ಎಂಬ ಅರ್ಥದಲ್ಲಿ. "ಹೆಣೆ, ಈ ಗಂಡ್ ಬ್ಯಾಡ. ಯೋಚ್ನೆ ಮಾಡದೇ ಮಾತಾಡ್ತ" ಎಂದು ಭಾವ ಆ ಸಂಬಂಧವನ್ನೇ ಮುರಿದರು. ಅದಕ್ಕೆ ಮಾತ್ರ ನಾನು ಅವರಿಗೆ ಋಣಿ.

ಕುಂದಾಪುರದ ಬಿಡಿಭಾಗಗಳ ಅಂಗಡಿಯವರಂತೂ ಬೇಸತ್ತುಹೋಗಿದ್ದರು. ಭಾವ ಕೌಂಟರಿನ ಮೇಲೆ ತಮ್ಮದೇ ಬಿಳಿ ಟವೆಲ್ ಹಾಸಿ, ಪೆಟ್ಟಿಗೆಗಳನ್ನೆಲ್ಲ ತೆಗೆಸಿ, ಒಂದೊಂದು ತಗಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಮಾರಾಯ್ರೆ, ನಿಮ್ಗೆ ಬಂಗಾರದಂಗ್ಡಿಯೇ ಸಮ" ಎಂದು ಅಂಗಡಿಯವರು ಕೈಮುಗಿದ ಮೇಲೆ ಒಂದು ಸಾಧಾರಣ ಸೆಟ್ಟನ್ನು ಮುಲಾಜಿಗೆ ಕೊಂಡು ತಂದು ಕಪಾಟಿನಲ್ಲಿಟ್ಟರು. ಮನಸ್ಸು ಮಾತ್ರ ಅದರ ಮೇಲಿರಲಿಲ್ಲ.

ಅತ್ತೆ ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿದರು.

"ಬಂಗ್ಡಿ ಮೀನ್ ತಕಂಬುಕೂ ಇಷ್ಟ್ ಹೊತ್ತ್ ಬ್ಯಾಡ ಮಗ. ಕಿವಿ ಎತ್ತಿ ಕಾಣ್. ಕೆಂಪಿದ್ರೆ ತಾಜಾ. ಬೂದಿ ಬಣ್ಣ ಆಯಿದ್ರೆ ಹಳ್ತ್ ಮಾಲ್. ಬಿಟ್ಟ್ ಬಾ."

"ಅಮ್ಮ, ಇದ್ ಮೀನಲ್ಲ."

"ಮೀನಲ್ದಿರೆ ಎಂತಾಯ್ತ್? ಮಾರುವವ್ರೆಲ್ಲ ಒಂದೇ ಜಾತಿ!" ಎಂದು ಅತ್ತೆ ಎದ್ದು ಒಳಗೆ ಹೋದರು.

ಕೊನೆಗೂ ಭಾವನ ಮನಸ್ಸಿಗೆ ಬಂದ ಸೆಟ್ಟು ಮುಂಬಯಿಯಲ್ಲಿ ಸಿಕ್ಕಿತು. ಅಲ್ಲಿ ಹೋಟೆಲು ಕೆಲಸದಲ್ಲಿದ್ದ ಅವರ ದಾಯಾದಿಯೊಬ್ಬ ಅದನ್ನು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದ. ಆಹಾ, ಆ ಸಂಭ್ರಮವೇ! ರೇಸಿಗಾಗಿಯೇ ಮಾಡಿದ ಬೇರಿಂಗು, ತಾಮ್ರ ಬೆರೆತ ಗಟ್ಟಿ ಮೈ, ಮೇಲೆ ತೆಳುವಾದ ಮೆತ್ತನೆಯ ಬೂದು ಪದರ. ಎರಡರ ಗುಣವೂ ಒಂದರಲ್ಲೇ! ಅಳತೆ ನೋಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಭಾವ ಕೊಟ್ಟಿಗೆಯಲ್ಲಿ ಕುಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಕಾನೂನುಗಳು ಬಂದವು. ಬೇರಿಂಗನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರು ತಾಗುತ್ತದೆ. ಸಮುದ್ರದ ಗಾಳಿ ಬೀಸುವಾಗ ಪೊಟ್ಟಣ ಬಿಚ್ಚಬಾರದು, ಉಪ್ಪು ತಾಗುತ್ತದೆ. ಮರವಂತೆಯಲ್ಲಿ ಸಮುದ್ರದ ಗಾಳಿ ಬೀಸದ ಹೊತ್ತು ಯಾವುದು? ನಾನು ಔಷಧಿ ಅಂಗಡಿಯಿಂದ ಹತ್ತಿ, ಸ್ಪಿರಿಟ್ಟು ತಂದು ಸಾಕಾಗಿಹೋದೆ. "ಸ್ವಂತ ಮಗಿನ್ ಎತ್ತ್‌ಕಂಬತಿಗೆ ಇವ್ರ್ ಕೈ ತೊಳ್ದದ್ದ್ ನಾ ಕಾಣ್ಲಿಲ್ಲೆ" ಎಂದು ಅಕ್ಕ ಗೊಣಗಿದಳು.

ರೇಸು ಇದ್ದದ್ದು ಬಿಜೂರಿನ ಕಡೆ, ಕೊಯ್ಲಾದ ಗದ್ದೆಬಯಲಿನಲ್ಲಿ. ನಾಲ್ಕೂರಿನ ಹುಡುಗರು ಸೇರಿ ಮಾಡಿದ್ದು. ಅದಕ್ಕೆ ಎರಡೇ ದಿನ ಉಳಿದಾಗ ಬೇರಿಂಗು ಕೂರಿಸುವುದೆಂದಾಯಿತು. ಆ ಸಂಜೆ ನಾನು ಕೆಲಸ ಮುಗಿಸಿ ಬಂದೆ. ಭಾವನೂ ಆಗ ತಾನೇ ಬಂದರಿನಿಂದ ಬಂದಿದ್ದರು. ಬಾವಿಕಟ್ಟೆಯ ಮೇಲೆ ದೇವರ ದೀಪ, ಹರಿವಾಣ, ಗಂಟೆ ಎಲ್ಲ ತೊಳೆದು ಸಾಲಾಗಿ ಇಟ್ಟಿತ್ತು. ಮರುದಿನ ಮನೆಯಲ್ಲಿ ಪೂಜೆ. ಆ ಸಾಲಿನ ಕೊನೆಯಲ್ಲಿ ಏನೋ ಹೊಸ ಸಾಮಾನು ಫಳಫಳ ಹೊಳೆಯುತ್ತಿತ್ತು.

ಬೇರಿಂಗು!

ಅತ್ತೆ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ಅಷ್ಟನ್ನೂ ತಿಕ್ಕಿದ್ದರು. ಬೂದು ಪದರವೆಲ್ಲ ಹೋಗಿ ಒಳಗಿನ ತಾಮ್ರ ಕೆಂಪಗೆ ಕಾಣುತ್ತಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಬೇರಿಂಗಿನ ಹತ್ತಿರ ಸೀನಿದರೂ ಬೈಯುವ ಮನುಷ್ಯ ಈಗ ಏನು ಮಾಡಿಯಾರು?

ಅತ್ತೆ ಮಾತ್ರ ಹೆಮ್ಮೆಯಿಂದ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಕಾಣ್ ಮಗ! ನಿಂಗೆ ಹಳ್ತ್ ಮಾಲ್ ಕೊಟ್ಟ್ ಮೋಸ ಮಾಡಿರ್. ಪೂರಾ ಬೂದಿ ಬಣ್ಣ ಇದ್ದಿತ್ತ್. ಕೆಂಪ್ ಬಪ್ಪಲ್ಲಿವರೆಗೂ ತಿಕ್ದೆ. ನೀನ್ ಇದೇ ಯೋಚ್ನೆಯಂಗೆ ಸಮಾ ಉಂಬುದಿಲ್ಲೆ, ನಂಗೆ ಕಾಂಬುಕಾತಿಲ್ಲೆ. ಈಗ ಹಾಕ್, ಗೆದ್ಕಂಡ್ ಬಾ."

ಭಾವ ಒಂದು ತಗಡನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಲಾಯ್ಕ್ ಆಯ್ತ್ ಅಮ್ಮ" ಎಂದರು ಭಾವ. "ಇಷ್ಟ್ ಕೆಂಪ್ ನಂಗ್ ತರೂಕೆ ಆತಿರ್ಲಿಲ್ಲೆ."

ಅಷ್ಟೇ ಅಲ್ಲ. ಅತ್ತೆ ಮೊದಲ ಸಲ ಆ ಕೊಟ್ಟಿಗೆಗೆ ಬಂದರು! ಮಣೆ ಹಾಕಿಕೊಂಡು ಕೂತು, ಒಂದೊಂದೇ ತಗಡನ್ನು ಸೆರಗಿನಲ್ಲಿ ಒರೆಸಿ "ತಕೋ" ಎಂದು ಮಗನ ಕೈಗೆ ಕೊಟ್ಟರು. ಹುಣಸೆಹುಳಿಯ ವಾಸನೆಯ ಕೈ. ಸ್ಪಿರಿಟ್ಟೂ ಇಲ್ಲ, ಹತ್ತಿಯೂ ಇಲ್ಲ! ಭಾವ ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಕೂರಿಸಿದರು. ಟಾರ್ಚು ಹಿಡಿದವಳು ನಾನು. ಅತ್ತೆ ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದೆ.

"ಭಾವ, ಮೆತ್ತನ್ ಪದರ ಪೂರಾ ಹೋಯ್ತಲ್ದಾ?"

"ಹೋಯ್ತ್."

"ಕಪಾಟಂಗೆ ಇನ್ನೊಂದ್ ಸೆಟ್ ಇತ್ತಲೆ. ಇದ್ನ ತೆಗ್ದ್ ಅದ್ನ ಹಾಕೂಕಾಗ್ದಾ? ಅತ್ತೆಗ್ ಗೊತ್ತಾತಿಲ್ಲೆ."

ಭಾವ ಬೋಲ್ಟು ಬಿಗಿಯುತ್ತಲೇ ಇದ್ದರು. "ಆತ್ತ್. ಆದ್ರೆ ಅಮ್ಮ ಇಷ್ಟ್ ವರ್ಷ ಈ ಗಾಡಿದ್ ಒಂದ್ ಬೋಲ್ಟ್ ಸಹಾ ಮುಟ್ಟಿರ್ಲಿಲ್ಲೆ ಮಾರಾಯ್ತಿ. ಇವತ್ತ್ ಅವ್ಳ್ ಕೈಯಾರೆ ಕೊಟ್ಟಿದ್ದ್ ಇದ್. ತೆಗೂಕೆ ನಂಗಾಪ್ದಿಲ್ಲೆ. ರೇಸ್ ಬಪ್ಪ್ ವರ್ಷವೂ ಬತ್ತ್."

ರೇಸಿನ ದಿನ ಅತ್ತೆ ಬಸ್ಸಿನಲ್ಲಿ ಬಂದರು. ಗದ್ದೆಯ ಅಂಚಿನಲ್ಲಿ ಕೊಡೆ ಬಿಡಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಕೂತರು. ಕಾರುಗಳು ಹೊರಟವು ನೋಡಿ, ಧೂಳೋ ಧೂಳು! ಮೊದಲ ಸುತ್ತಿನಲ್ಲಿ ಭಾವ ಎಲ್ಲರಿಗಿಂತ ಮುಂದೆ! ಅಕ್ಕ ಕಿರುಚಿದಳು, ನಾನು ಕುಣಿದೆ, ಅತ್ತೆ ಕೊಡೆ ಬೀಸಿ ಪಕ್ಕದವರಿಗೆಲ್ಲ "ನಾನ್ ತಿಕ್ಕಿದ್ ಅದ್, ನಾನ್ ತಿಕ್ಕಿದ್" ಎಂದು ಸಾರಿದರು. ಎರಡನೆಯ ಸುತ್ತಿನ ಅರ್ಧಕ್ಕೆ ಕಾರಿನ ಸದ್ದು ಬದಲಾಯಿತು. ಟಕ್, ಟಕ್, ಟಕ್. ಅಷ್ಟು ದಿನ ಊಟದ ಜೊತೆ ಪಾಠ ಕೇಳಿದ ನನಗೂ ಗೊತ್ತಾಯಿತು. ಭಾವ ವೇಗ ಇಳಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಅವರನ್ನು ದಾಟಿ ಹೋದರು. ಎಲ್ಲರ ಹಿಂದೆ, ಗದ್ದೆ ಉಳುವ ವೇಗದಲ್ಲಿ ಭಾವ ಬಂದು ನಿಂತರು.

ಅತ್ತೆ ಓಡಿಬಂದರು. ಮುಖ ಬಾಡಿಹೋಗಿತ್ತು. "ಎಂತಾಯ್ತ್ ಮಗ? ನನ್ ಬೇರಿಂಗ್ ಹಾಳಾಯ್ತಾ?"

ತಾನು ಗಾಡಿ ಬಿಡುವುದರಲ್ಲಿ ತಪ್ಪಿದ್ದೇನೆಂದು ಜನ್ಮದಲ್ಲಿ ಒಪ್ಪಿಕೊಳ್ಳದ ನನ್ನ ಭಾವ, ಊರವರೆಲ್ಲ ಕೇಳುವ ಹಾಗೆ ಹೇಳಿದರು.

"ನಿನ್ ಬೇರಿಂಗ್ ಗಟ್ಟಿ ಇತ್ತ್ ಅಮ್ಮ. ಗಾಡಿ ಬಿಟ್ಟವನೇ ಸಮ ಇಲ್ಲೆ."

ಅತ್ತೆ ಮಗನ ಧೂಳು ಮೆತ್ತಿದ ಮುಖ ನೋಡಿದರು. ಸೆರಗಿನಿಂದ ಅದನ್ನು ಒರೆಸಿದರು. ಆಮೇಲೆ ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು! "ನಡಿ, ಮನೆಗ್ ಹೋಪ. ಸೋತವ್ನ ಒಬ್ನೇ ಕಳ್ಸುದಾ?"

ಅಕ್ಕ, ಮಗು, ನಾನು ಹಿಂದೆ ತುರುಕಿಕೊಂಡೆವು. ಬಿಜೂರಿನಿಂದ ಮರವಂತೆಯವರೆಗೆ ಆ ರೇಸಿನ ಕಾರು ಸೈಕಲ್ಲಿನವರಿಗೂ ದಾರಿ ಬಿಡುತ್ತ ಹೋಯಿತು. ಅತ್ತೆಯ ಮಾಮೂಲಿ ಬಸ್ಸು ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಬಾಯಿ ಬಿಟ್ಟು ನೋಡಿದ. ಅತ್ತೆ ಅವನ ಕಡೆ ಕೈ ಬೀಸಿದರು. "ಇಷ್ಟ್ ಮೆಲ್ಲ ಹೋಪುದಾ ರೇಸ್ ಗಾಡಿ?" ಎಂದು ಮಗನಿಗೆ ಬೈದರು.

ಅಡಿಯಿಂದ ಟಕ್ ಟಕ್ ಸದ್ದು ನಮ್ಮ ಕಾಲಿಗೇ ಬಡಿಯುತ್ತಿತ್ತು. ತಡೆಯಲಾರದೆ ನಾನು ಮುಂದೆ ಬಾಗಿ ಪಿಸುಗುಟ್ಟಿದೆ. "ಭಾವ, ಶಬ್ದ ಜೋರಾಯ್ತಲೆ?"

ಮದುವೆ ಪಾಯಸ ಬಿಟ್ಟು ಬಸ್ಸಿನ ಹಿಂದೆ ಓಡಿದ್ದ ಆ ಮನುಷ್ಯ ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಮ್ಮನನ್ನು ನೋಡಿದರು. ಅಷ್ಟು ತೃಪ್ತಿಯ ಮುಖವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಯಾವ್ ಶಬ್ದ, ಹೆಣೆ?" ಎಂದರು.